ನಾಳಿದ್ದಿನ ಮಳೆ ಹೇಳಲಾಗದವರು 2100ರ ಬಿಸಿಯನ್ನು ಹೇಗೆ ಹೇಳುತ್ತಾರೆ?

ಪ್ರಶ್ನೆ: ನಾನು ಭೌತಶಾಸ್ತ್ರದ ಎಂಎಸ್‌ಸಿ ವಿದ್ಯಾರ್ಥಿ. ಹದಿನೈದು ದಿನದಾಚೆಯ ಮಳೆಯನ್ನೇ ಹೇಳಲು ಆಗದಿರುವಾಗ ಎಂಬತ್ತು ವರ್ಷದಾಚೆಯ ತಾಪಮಾನವನ್ನು ಹೇಳುವುದು ಹೇಗೆ? ಸ್ಟಾಟಿಸ್ಟಿಕಲ್ ಫಿಸಿಕ್ಸ್ ಈ ಕೆಲಸದಲ್ಲಿ ಬರೀ ಹೋಲಿಕೆಗೆ ಬರುತ್ತದೆಯೋ, ನಿಜವಾಗಿ ಲೆಕ್ಕಕ್ಕೆ ಬರುತ್ತದೆಯೋ? ನನ್ನ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡುವಂಥದ್ದು ಏನಾದರೂ ಇದೆಯೇ?

ಉತ್ತರ: ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಪತ್ರಿಕೆ, ಟೀವಿಗಳಲ್ಲಿ ಎರಡಕ್ಕೂ ‘ಹವಾಮಾನ’ ಎಂದೇ ಹೇಳಿ ರೂಢಿಯಾಗಿದೆ. ಇಲ್ಲಿ ಇವತ್ತು ನಾಳೆಯ ಬಿಸಿಲು, ಮಳೆ, ಗಾಳಿಗೆ ‘ಹವೆ’ ಎನ್ನೋಣ. ಹತ್ತಾರು ವರ್ಷಗಳ ಹವೆಯ ಸರಾಸರಿ, ಏರಿಳಿತ, ವಿಪರೀತಗಳೆಲ್ಲ ಸೇರಿದ ಚಿತ್ರಕ್ಕೆ ‘ವಾಯುಗುಣ’ ಎನ್ನೋಣ. 1963ರಲ್ಲಿ ಎಡ್ವರ್ಡ್ ಲೊರೆನ್ಜ್ ತೋರಿಸಿದ್ದು ಹವೆಯ ಮಿತಿಯನ್ನು. ಆರಂಭದ ಅಳತೆಯಲ್ಲಿನ ಕೂದಲೆಳೆಯಷ್ಟು ತಪ್ಪು ದಿನದಿನಕ್ಕೂ ಬೆಳೆದು, ಸುಮಾರು ಎರಡು ವಾರಗಳಲ್ಲಿ ಮುನ್ಸೂಚನೆಯನ್ನೇ ನುಂಗಿಬಿಡುತ್ತದೆ. ಆದರೆ ವ್ಯವಸ್ಥೆ ಯಾವ ದಾರಿ ಹಿಡಿಯುತ್ತದೆ ಎಂಬುದು ತಿಳಿಯದೆ ಹೋದರೂ, ಅದು ಒಟ್ಟಾರೆ ಎಲ್ಲೆಲ್ಲಿ ಎಷ್ಟು ಹೊತ್ತು ಕಳೆಯುತ್ತದೆ ಎಂಬ ಲೆಕ್ಕ ಉಳಿಯುತ್ತದೆ. ಸಿಲಿಂಡರಿನ ಒಂದೊಂದು ಅಣು ಎಲ್ಲಿದೆ ಎಂದು ಯಾರೂ ಹೇಳಲಾರರು, ಒತ್ತಡವನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಸ್ಟಾಟಿಸ್ಟಿಕಲ್ ಫಿಸಿಕ್ಸ್ ಎಂದರೆ ಇಂಥ ಲೆಕ್ಕವೇ.

ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಸಿಲಿಂಡರಿನ ಅನಿಲ ಸಮತೋಲದಲ್ಲಿದೆ, ಭೂಮಿ ಇಲ್ಲ. ಒಂದು ಕಡೆಯಿಂದ ಬಿಸಿಲು ಸುರಿಯುತ್ತಲೇ ಇದೆ, ಇನ್ನೊಂದು ಕಡೆಯಿಂದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳು ಹೊರಹೋಗುತ್ತಲೇ ಇವೆ. ಆದ್ದರಿಂದ ಸಮತೋಲದಲ್ಲಿರುವ ಅಣುಗಳಲ್ಲಿ ಶಕ್ತಿ ಹೇಗೆ ಹಂಚಿರುತ್ತದೆ ಎಂದು ಹೇಳುವ ಪಠ್ಯಪುಸ್ತಕದ ಬೋಲ್ಟ್ಸ್‌ಮನ್ ಹಂಚಿಕೆಯನ್ನು ಹಾಗೇ ಎತ್ತಿ ಇಲ್ಲಿ ಹಾಕಲು ಬರುವುದಿಲ್ಲ. ಕೆಲಸಕ್ಕೆ ಬರುವುದು ಬ್ರೌನಿಯನ್ ಚಲನೆಯ ಗಣಿತ, ಏರಿಳಿತಕ್ಕೂ ಪ್ರತಿಕ್ರಿಯೆಗೂ ಇರುವ ನಂಟು, ಅಪರೂಪದ ಘಟನೆಗಳ ಲೆಕ್ಕ ಇವು. ಇವೆಲ್ಲ ನಿಜವಾಗಿಯೂ ಲೆಕ್ಕಕ್ಕೇ ಬರುತ್ತವೆ.

ಸರಾಸರಿಗೆ ಇಷ್ಟೆಲ್ಲ ಬೇಕಿಲ್ಲ. ಭೂಮಿಯ ದೂರದಲ್ಲಿ ಸೂರ್ಯನ ಶಕ್ತಿ ಚದರ ಮೀಟರಿಗೆ 1361 ವಾಟ್. ಗೋಳದ ಮೇಲೆ ಹಂಚಿದರೆ ಅದರ ಕಾಲುಭಾಗ, 340. ಶೇ 30 ಮೋಡ, ಹಿಮ, ಮರಳಿಗೆ ತಾಗಿ ವಾಪಸ್. ಉಳಿದ ಸುಮಾರು 240 ವಾಟ್ ಹೊರಹಾಕಲು ವಸ್ತುವೊಂದು 255 ಕೆಲ್ವಿನ್, ಅಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದರೆ ಸಾಕು. ನೆಲದ ಸರಾಸರಿ ಸುಮಾರು 15 ಡಿಗ್ರಿ ಇದೆ; ನಡುವಿನ 33 ಡಿಗ್ರಿ ಹಸಿರುಮನೆ ಅನಿಲಗಳ ಕೊಡುಗೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಚದರ ಮೀಟರಿಗೆ ಸುಮಾರು 3.7 ವಾಟ್ ಹೆಚ್ಚು ಉಳಿಯುತ್ತದೆ. ಭೂಮಿ ಒಂದು ಡಿಗ್ರಿ ಬಿಸಿಯಾದಾಗ, ಬೇರೇನೂ ಬದಲಾಗದಿದ್ದರೆ, 3.2 ವಾಟ್ ಹೆಚ್ಚು ಹೊರಸೂಸುತ್ತದೆ. ಭಾಗಿಸಿದರೆ 1.2 ಡಿಗ್ರಿ ಬಂತು. ಆವಿ, ಹಿಮ, ಮೋಡಗಳ ಮರುಪರಿಣಾಮ ಸೇರಿದಾಗ ಅದು ಸುಮಾರು 3 ಡಿಗ್ರಿ ಆಗುತ್ತದೆ; ವಿಶ್ವಸಂಸ್ಥೆಯ ವಾಯುಗುಣ ಸಮಿತಿ ಐಪಿಸಿಸಿಯ 2021ರ ವರದಿ ಕೊಡುವ ಸಂಭವನೀಯ ವ್ಯಾಪ್ತಿ 2.5ರಿಂದ 4. ಕೈಗಾರಿಕೆಗಳಿಗೆ ಮುಂಚೆ ಹತ್ತು ಲಕ್ಷಕ್ಕೆ 280 ಭಾಗವಿದ್ದ ಈ ಅನಿಲ ಈಗ 420 ದಾಟಿದೆ.

ಕಷ್ಟವಿರುವುದು ಮುಂದಿನ ಪ್ರಶ್ನೆಯಲ್ಲಿ. ತಾಪಮಾನದ ದಾಖಲೆ ವರ್ಷದಿಂದ ವರ್ಷಕ್ಕೆ ಏರುತ್ತ ಇಳಿಯುತ್ತ ಸಾಗುತ್ತದೆ. ಅದರಲ್ಲಿ ಎಷ್ಟು ತಾನಾಗಿ ಆದ ಅಲುಗಾಟ, ಎಷ್ಟು ಹೊರಗಿನ ತಳ್ಳುವಿಕೆ? ಇದಕ್ಕೆ ಕೀಲಿಕೈ ಕೊಟ್ಟವರು ಹ್ಯಾಂಬರ್ಗಿನ ಮ್ಯಾಕ್ಸ್ ಪ್ಲಾಂಕ್ ಪವನವಿಜ್ಞಾನ ಸಂಸ್ಥೆಯ ಕ್ಲಾಸ್ ಹ್ಯಾಸೆಲ್‌ಮನ್, 1976ರಲ್ಲಿ. 2021ರ ಭೌತಶಾಸ್ತ್ರ ನೊಬೆಲ್‌ನ ಅರ್ಧಭಾಗ ಅವರಿಗೂ ಸ್ಯುಕುರೊ ಮನಾಬೆ ಅವರಿಗೂ ಹಂಚಿಕೆಯಾಯಿತು. ಉಳಿದರ್ಧ ಅವ್ಯವಸ್ಥಿತ ವ್ಯವಸ್ಥೆಗಳ ಸಿದ್ಧಾಂತಕ್ಕಾಗಿ ಜಾರ್ಜೊ ಪಾರಿಸಿ ಅವರಿಗೆ ಹೋಯಿತು.

ನೀರಿನಲ್ಲಿ ತೇಲುವ ಪರಾಗದ ಕಣ ಹೊಯ್ದಾಡುವುದನ್ನು ರಾಬರ್ಟ್ ಬ್ರೌನ್ 1827ರಲ್ಲಿ ಕಂಡರು. ಸಣ್ಣ ಅಣುಗಳ ಲೆಕ್ಕವಿಲ್ಲದ ಹೊಡೆತ ಸೇರಿ ದೊಡ್ಡ ಕಣ ನಿಧಾನವಾಗಿ ಅಲೆಯುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಲೆಕ್ಕ ಕೊಟ್ಟರು. ಹ್ಯಾಸೆಲ್‌ಮನ್ ಅಣುಗಳ ಜಾಗದಲ್ಲಿ ಹವೆಯನ್ನೂ ಕಣದ ಜಾಗದಲ್ಲಿ ಸಮುದ್ರವನ್ನೂ ಇಟ್ಟರು. ದಿನದಿನದ ಗಾಳಿ, ಮೋಡ, ಬಿರುಗಾಳಿಗಳು ಸಮುದ್ರದ ಮೇಲ್ಪದರಕ್ಕೆ ಬಿಸಿ ಕೊಡುತ್ತವೆ, ಕಸಿಯುತ್ತವೆ. ಸಮುದ್ರ ಅದನ್ನೆಲ್ಲ ಕೂಡಿಸಿಕೊಳ್ಳುತ್ತ ಹೋಗುತ್ತದೆ. ಬರೆದರೆ ಒಂದೇ ಸಾಲು: ಶಾಖಧಾರಣೆ ಗುಣಿಸು ತಾಪಮಾನ ಬದಲಾಗುವ ವೇಗ, ಇದು ಹೊರಗಿನ ತಳ್ಳುವಿಕೆ ಕಳೆ ತಡೆಗುಣಾಂಕ ಗುಣಿಸು ತಾಪಮಾನದ ವಿಚಲನೆ, ಕೂಡು ಹವೆಯ ಗದ್ದಲ, ಇದಕ್ಕೆ ಸಮ. ತಡೆಗುಣಾಂಕವೆಂದರೆ ಒಂದು ಡಿಗ್ರಿ ಬಿಸಿಯಾದಾಗ ಹೊರಹೋಗುವ ಹೆಚ್ಚುವರಿ ವಾಟ್‌ಗಳು. ಬ್ರೌನಿಯನ್ ಕಣಕ್ಕೆ ಬರೆಯುವ ಲ್ಯಾಂಜವಿನ್ ಸಮೀಕರಣ ಓದಿರುತ್ತೀರಿ, ಇದು ಅದೇ.

ಇದು ಯಾಕೆ ಕೆಲಸ ಮಾಡುತ್ತದೆ ಎಂಬುದು ಅಂಕಿಗಳನ್ನು ಇಟ್ಟಾಗ ಕಾಣುತ್ತದೆ. ಒಂದು ಚದರ ಮೀಟರಿನ ಮೇಲೆ ನಿಂತಿರುವ ಇಡೀ ಗಾಳಿಯ ತೂಕ ಸುಮಾರು ಹತ್ತು ಸಾವಿರ ಕಿಲೊ. ಅದನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ ಸಮುದ್ರದ ಮೇಲಿನ ಎರಡೂವರೆ ಮೀಟರ್ ನೀರಿಗೆ ಸಾಕಾಗುವಷ್ಟು ಮಾತ್ರ. ಆದರೆ ಗಾಳಿ ಕಲಕುವ ಮೇಲ್ಪದರವೇ 50 ಮೀಟರ್ ಆಳ. ಗಾಳಿ ಬಾಣಲೆ, ಸಮುದ್ರ ಬಚ್ಚಲುಮನೆಯ ಹಂಡೆ. ಉರಿ ಹೆಚ್ಚುಕಡಿಮೆಯಾದರೆ ಬಾಣಲೆ ತಕ್ಷಣ ತೋರಿಸುತ್ತದೆ, ಹಂಡೆಯ ನೀರು ಮಾತ್ರ ಬೆಳಗಿನ ಉರಿಯನ್ನು ಸಂಜೆವರೆಗೂ ನೆನಪಿಟ್ಟುಕೊಂಡಿರುತ್ತದೆ. ಲೆಕ್ಕ ಹೀಗೆ: 50 ಮೀಟರ್, ಘನ ಮೀಟರಿಗೆ 1025 ಕಿಲೊ, ಕಿಲೊ ಒಂದಕ್ಕೆ ಡಿಗ್ರಿಗೆ 4000 ಜೂಲ್, ಗುಣಿಸಿದರೆ ಚದರ ಮೀಟರಿಗೆ ಸುಮಾರು 20 ಕೋಟಿ ಜೂಲ್. ಒಂದು ಜಾಗದ ನೀರು ಸುತ್ತಲಿಗಿಂತ ಒಂದು ಡಿಗ್ರಿ ಬಿಸಿಯಾದರೆ ಆವಿಯಾಗಿ, ಗಾಳಿಗೆ ತಾಗಿ ಸುಮಾರು 20 ವಾಟ್ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಭಾಗಿಸಿದರೆ ಒಂದು ಕೋಟಿ ಸೆಕೆಂಡು, ಸುಮಾರು ನಾಲ್ಕು ತಿಂಗಳು. ಮೂರ್ನಾಲ್ಕು ದಿನದಲ್ಲಿ ಮುಗಿದುಹೋಗುವ ಹವೆ ಹೀಗೆ ನಾಲ್ಕು ತಿಂಗಳ ನೆನಪುಳ್ಳ ಏರಿಳಿತವಾಗಿ ಉಳಿಯುತ್ತದೆ.

ಇದರ ಪರಿಣಾಮ ದೊಡ್ಡದು. ಒಳಗೆ ಹಾಕಿದ್ದು ಎಲ್ಲ ಆವರ್ತನಗಳಲ್ಲೂ ಸಮವಾಗಿ ಹರಡಿದ ಬಿಳಿ ಗದ್ದಲ. ಹೊರಬಂದದ್ದು ನಿಧಾನದ ಆವರ್ತನಗಳಲ್ಲಿ ಬಲವಾದ ಕೆಂಪು ಗದ್ದಲ. ಅಂದರೆ ಯಾವ ಕಾರಣವೂ ಇಲ್ಲದೆ, ಬರೀ ಹವೆಯ ಹೊಡೆತಗಳು ಕೂಡಿಕೊಂಡೇ, ಹಲವಾರು ವರ್ಷ ಏರುವ ಅಥವಾ ಇಳಿಯುವ ರೇಖೆ ಹುಟ್ಟಬಲ್ಲದು. ವಾಯುಗುಣದಲ್ಲಿ ಯಾವ ಬದಲಾವಣೆಯನ್ನೇ ಕಂಡರೂ ಮೊದಲು ಎದುರಿಸಬೇಕಾದ ಎದುರಾಳಿ ಈ ಕೆಂಪು ಗದ್ದಲ. ಅದನ್ನು ಸೋಲಿಸಿದ ಮೇಲೆಯೇ ಕಾರಣ ಹುಡುಕಲು ಹೊರಡಬೇಕು.

ಈಗ ನಿಮ್ಮ ಲ್ಯಾಪ್‌ಟಾಪಿಗೆ ಬರೋಣ. ಸಮುದ್ರದ ಮೇಲ್ಮೈ ತಾಪಮಾನದ ತಿಂಗಳವಾರು ದತ್ತಾಂಶ ಉಚಿತವಾಗಿ ಸಿಗುತ್ತದೆ. ಅಮೆರಿಕದ ಸಾಗರ-ವಾಯುಮಂಡಲ ಸಂಸ್ಥೆ ಎನ್ಒಎಎಯ ಒಂದು ಸಂಗ್ರಹ 1854ರಿಂದ ಇದೆ, ಉಪಗ್ರಹದ ನೆರವಿನದ್ದು 1981ರ ಕೊನೆಯಿಂದ ಇದೆ. ಮೊದಲ ಪ್ರಯತ್ನಕ್ಕೆ ಎರಡನೆಯದನ್ನೇ ಹಿಡಿಯಿರಿ. ಹಳೆಯ ಕಾಲದಲ್ಲಿ ಹಡಗುಗಳು ಹೋಗದ ಜಾಗಗಳನ್ನು ಸುತ್ತಲಿನ ಅಂಕಿಗಳಿಂದ ತುಂಬಿರುತ್ತಾರೆ, ಹಾಗೆ ತುಂಬಿದ ಕಡೆ ಏರಿಳಿತ ಕೃತಕವಾಗಿ ಕುಗ್ಗಿರುತ್ತದೆ. ಜಾಗಕ್ಕೆ ಉತ್ತರ ಪೆಸಿಫಿಕ್‌ನ ನಡುಭಾಗ, 40 ಡಿಗ್ರಿ ಉತ್ತರ ಅಕ್ಷಾಂಶದ ಸುತ್ತಮುತ್ತ ಒಂದು ಚೌಕ ಆರಿಸಿ. ಸಮಭಾಜಕದ ಪೆಸಿಫಿಕ್ ಬೇಡ. ಅಲ್ಲಿ ಎಲ್ ನಿನೊ ತನ್ನದೇ ಸಾಗರ ಅಲೆಗಳಿಂದ 2ರಿಂದ 7 ವರ್ಷಕ್ಕೊಮ್ಮೆ ತೂಗುತ್ತದೆ, ಬ್ರೌನಿಯನ್ ಮಾದರಿ ಕೈಕೊಡುತ್ತದೆ.

1982ರಿಂದ 2023ರವರೆಗೆ 504 ತಿಂಗಳು. ಮೊದಲು ಋತುಚಕ್ರ ತೆಗೆಯಿರಿ: 42 ಜನವರಿಗಳ ಸರಾಸರಿಯನ್ನು ಪ್ರತಿ ಜನವರಿಯಿಂದ ಕಳೆಯಿರಿ, ಹೀಗೆ ಹನ್ನೆರಡೂ ತಿಂಗಳು. ಆಮೇಲೆ ನೇರ ಇಳಿಜಾರನ್ನು, ಅಂದರೆ ವರ್ಷಗಳುದ್ದಕ್ಕೂ ಏರುವ ಅಥವಾ ಇಳಿಯುವ ನೇರಗೆರೆಯನ್ನು, ಕಳೆಯಿರಿ. ಉಳಿದ ಸರಣಿಯಲ್ಲಿ ಈ ತಿಂಗಳಿಗೂ ಹಿಂದಿನ ತಿಂಗಳಿಗೂ ಇರುವ ಸಹಸಂಬಂಧವೇ ನೆನಪಿನ ಗುಣಾಂಕ. ನಾಲ್ಕು ತಿಂಗಳ ನೆನಪಿದ್ದರೆ ಅದು 0.78ರ ಆಸುಪಾಸು ಬರಬೇಕು. ಇಲ್ಲಿಗೆ ಬಿಡಬೇಡಿ, ಮಾದರಿ ನಿಜವೇ ಎಂದು ಪರೀಕ್ಷಿಸಿ. 0.78 ಸರಿಯಾದರೆ ಮೂರು ತಿಂಗಳ ಅಂತರದಲ್ಲಿ 0.47, ಆರರಲ್ಲಿ 0.23, ಹನ್ನೆರಡರಲ್ಲಿ 0.05 ಕಾಣಬೇಕು. ಹನ್ನೆರಡರ ಹೊತ್ತಿಗೆ ಅದಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೆ ಕಾರಣವಿದೆ: ಚಳಿಗಾಲದಲ್ಲಿ ಕಲಕುವ ಪದರ ನೂರು ಮೀಟರಿಗೂ ಆಳಕ್ಕೆ ಹೋಗುತ್ತದೆ, ಬೇಸಿಗೆಯಲ್ಲಿ ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತದೆ. ಚಳಿಗಾಲದ ಬಿಸಿ ಕೆಳಗೆ ಹೂತುಹೋಗಿ ಮುಂದಿನ ಚಳಿಗಾಲಕ್ಕೆ ಮತ್ತೆ ಮೇಲೆ ಬರುತ್ತದೆ.

ಅಂದಹಾಗೆ, ಈ ನೆನಪಿನ ಗುಣಾಂಕಗಳನ್ನು ದತ್ತಾಂಶದಿಂದ ಹೊರತೆಗೆಯುವ ಸಮೀಕರಣಗಳಿಗೆ ಯೂಲ್-ವಾಕರ್ ಎಂಬ ಹೆಸರಿದೆ. ಆ ವಾಕರ್ ಎಂದರೆ 1904ರಿಂದ 1924ರವರೆಗೆ ಭಾರತದ ಪವನಶಾಸ್ತ್ರ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್. ಮುಂಗಾರು ಕೈಕೊಡುವುದನ್ನು ಮೊದಲೇ ತಿಳಿಯಬೇಕೆಂದು ಜಗತ್ತಿನ ಒತ್ತಡ, ಮಳೆಗಳ ಪಟ್ಟಿಯನ್ನು ತಿಕ್ಕಿ ನೋಡಿದವರು ಅವರು. 1931ರ ಅವರ ಪ್ರಬಂಧ ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನ ವಾಯುಒತ್ತಡವನ್ನು ಮುಂದಿಟ್ಟುಕೊಂಡೇ ಬರೆದದ್ದು. ಇವತ್ತು ಆರ್ಥಿಕತೆಯಿಂದ ಧ್ವನಿ ಸಂಸ್ಕರಣೆವರೆಗೆ ಬಳಕೆಯಾಗುವ ಸಾಧನವೊಂದರ ಬೇರು ನಮ್ಮ ಮುಂಗಾರಿನ ಚಿಂತೆಯಲ್ಲಿದೆ.

ಹೊಸಬರು ಎಡವುವ ಜಾಗ ಒಂದಿದೆ. ನೆನಪಿರುವ ಸರಣಿಯಲ್ಲಿ ಐವತ್ತು ಅಂಕಿ ಎಂದರೆ ಐವತ್ತು ಸ್ವತಂತ್ರ ಅಂಕಿಗಳಲ್ಲ. ನೆನಪಿನ ಗುಣಾಂಕವನ್ನು ಒಂದರಿಂದ ಕಳೆದು, ಒಂದಕ್ಕೆ ಕೂಡಿಸಿದ್ದರಿಂದ ಭಾಗಿಸಿ, ಅಂಕಿಗಳ ಸಂಖ್ಯೆಯಿಂದ ಗುಣಿಸಿದರೆ ನಿಜವಾದ ಎಣಿಕೆ ಸಿಗುತ್ತದೆ. ಗುಣಾಂಕ 0.6 ಇದ್ದರೆ ಐವತ್ತು ವರ್ಷ ಹನ್ನೆರಡೂವರೆ ವರ್ಷಕ್ಕೆ ಸಮ, ಇಳಿಜಾರಿನ ಅನಿಶ್ಚಿತತೆ ಎರಡು ಪಟ್ಟು. ಜಾಗತಿಕ ತಾಪಮಾನಕ್ಕೆ ಹಾಕಿ ನೋಡಿ: ಏರುಗೆರೆಯ ಸುತ್ತ ವಾರ್ಷಿಕ ಏರಿಳಿತ ಸುಮಾರು 0.1 ಡಿಗ್ರಿ ಎಂದಿಟ್ಟುಕೊಂಡರೆ, ಐವತ್ತು ವರ್ಷದ ಇಳಿಜಾರಿನ ಅನಿಶ್ಚಿತತೆ ದಶಕಕ್ಕೆ 0.01 ಡಿಗ್ರಿ, ನೆನಪನ್ನು ಲೆಕ್ಕಕ್ಕೆ ತಂದರೆ 0.02. 1970ರ ದಶಕದಿಂದೀಚೆಗೆ ನಿಜವಾಗಿ ಕಂಡ ಏರಿಕೆ ದಶಕಕ್ಕೆ ಸುಮಾರು 0.2. ಎದುರಾಳಿಗೆ ಎರಡು ಪಟ್ಟು ಬಲ ಕೊಟ್ಟಮೇಲೂ ಹತ್ತು ಪಟ್ಟಿನ ಗೆಲುವು. ಅದೇ ಹತ್ತು ವರ್ಷದ ತುಣುಕನ್ನು ಹಿಡಿದು ‘ಬಿಸಿಯೇರುವುದು ನಿಂತಿದೆ’ ಎಂದೋ ‘ಇಮ್ಮಡಿಯಾಗಿದೆ’ ಎಂದೋ ಹೇಳುವುದಕ್ಕೆ ಆಧಾರ ಸಾಲದು, ಯಾಕೆಂದರೆ ವರ್ಷಗಳ ಸಂಖ್ಯೆ ಕುಗ್ಗಿದಂತೆ ಅನಿಶ್ಚಿತತೆ ಅದರ ಒಂದೂವರೆ ಘಾತದಲ್ಲಿ ಬೆಳೆಯುತ್ತದೆ. ಐವತ್ತರ ಬದಲು ಹತ್ತಾದರೆ ಹನ್ನೊಂದು ಪಟ್ಟು.

ಇನ್ನೊಂದು ಹೆಜ್ಜೆ ಮುಂದೆ ಹೋಗುವ ಆಸೆ ಭೌತಶಾಸ್ತ್ರ ಓದಿದವರಿಗೆಲ್ಲ ಬರುತ್ತದೆ. ಏರಿಳಿತ-ಪ್ರತಿಕ್ರಿಯೆ ಪ್ರಮೇಯ ಹೇಳುವುದೇನು? ಯಾರೂ ಮುಟ್ಟದಿರುವಾಗ ವ್ಯವಸ್ಥೆ ತಾನಾಗಿ ಹೇಗೆ ಅಲುಗುತ್ತದೆ, ಅಲುಗಿ ಹೇಗೆ ಮರಳುತ್ತದೆ ಎಂಬುದರಲ್ಲೇ ಹೊರಗಿನಿಂದ ತಳ್ಳಿದರೆ ಎಷ್ಟು ಸರಿಯುತ್ತದೆ ಎಂಬುದೂ ಅಡಗಿದೆ. ವಾಯುಗುಣಕ್ಕೆ ಇದನ್ನು ಅನ್ವಯಿಸಬಹುದೆಂದು ಸೆಸಿಲ್ ಲೀತ್ 1975ರಲ್ಲೇ ಸೂಚಿಸಿದರು. ಹಾಗಾದರೆ ಹಳೆಯ ದಾಖಲೆಯ ಏರಿಳಿತದಿಂದಲೇ, ದೊಡ್ಡ ಕಂಪ್ಯೂಟರ್ ಇಲ್ಲದೆ, ಇಂಗಾಲ ಇಮ್ಮಡಿಯಾದಾಗಿನ ಬಿಸಿ ಲೆಕ್ಕ ಹಾಕಬಹುದಲ್ಲ?

ಸ್ಟೀಫನ್ ಶ್ವಾರ್ಟ್ಸ್ 2007ರಲ್ಲಿ ಇದನ್ನೇ ಮಾಡಿದರು. ಈ ಪ್ರಯತ್ನವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೈಯಾರೆ ಮರುಲೆಕ್ಕ ಮಾಡಬೇಕು, ಅಷ್ಟು ಪಾಠ ಅದರಲ್ಲಿದೆ. ಸಮುದ್ರ ಹೀರಿದ ಶಾಖದಿಂದ ಭೂಮಿಯ ಶಾಖಧಾರಣೆಯನ್ನು ಚದರ ಮೀಟರಿಗೆ ಡಿಗ್ರಿಗೆ 16.7 ವಾಟ್-ವರ್ಷ ಎಂದು ಹಿಡಿದರು. ತಾಪಮಾನ ಸರಣಿಯ ಇಳಿಜಾರು ತೆಗೆದು ನೆನಪಿನ ಕಾಲ 5 ವರ್ಷ ಎಂದರು. ಭಾಗಿಸಿದರೆ ತಡೆಗುಣಾಂಕ 3.3, ಅದರಿಂದ 3.7ನ್ನು ಭಾಗಿಸಿದರೆ ಇಮ್ಮಡಿ ಇಂಗಾಲಕ್ಕೆ 1.1 ಡಿಗ್ರಿ ಮಾತ್ರ. ಬೇರೆಲ್ಲ ಪುರಾವೆಗಳ ಮೂರನೇ ಒಂದು ಭಾಗ. ಟೀಕೆಗಳು ಬಂದವು, ಮರುವರ್ಷ ಅವರೇ ನೆನಪಿನ ಕಾಲವನ್ನು 8.5 ವರ್ಷಕ್ಕೂ ಉತ್ತರವನ್ನು 1.9 ಡಿಗ್ರಿಗೂ ತಿದ್ದಿಕೊಂಡರು.

ಎಲ್ಲಿ ತಪ್ಪಿತು? ಗಿಡ್ಡ ಸರಣಿಯಿಂದ ಅಂದಾಜಿಸಿದ ನೆನಪು ಯಾವಾಗಲೂ ಕಡಿಮೆ ಬರುತ್ತದೆ: ಗುಣಾಂಕದ ಮೂರರಷ್ಟಕ್ಕೆ ಒಂದು ಕೂಡಿಸಿ ಸರಣಿಯ ಉದ್ದದಿಂದ ಭಾಗಿಸಿದಷ್ಟು ಕೊರತೆ ಬೀಳುತ್ತದೆ. 0.6ಕ್ಕೆ, ಐವತ್ತು ವರ್ಷಕ್ಕೆ, ಸುಮಾರು 0.06. ಇಳಿಜಾರು ತೆಗೆಯುವಾಗ ನಿಧಾನದ ಏರಿಳಿತವೂ ಅದರೊಂದಿಗೆ ತೊಳೆದುಹೋಗುತ್ತದೆ, ಕೊರತೆ ಇನ್ನೂ ಹೆಚ್ಚುತ್ತದೆ. ಮೂರನೆಯದೇ ಮುಖ್ಯ: ಭೂಮಿಗೆ ಒಂದೇ ನೆನಪಿಲ್ಲ. ಮೇಲ್ಪದರದ್ದು ಕೆಲವು ವರ್ಷ, ಆಳಸಮುದ್ರದ್ದು ಶತಮಾನಗಳು. ಗಿಡ್ಡ ದಾಖಲೆಯ ಏರಿಳಿತದಲ್ಲಿ ವೇಗದ ನೆನಪೇ ಎದ್ದು ಕಾಣುತ್ತದೆ, ಆದರೆ ಹೆಚ್ಚುವರಿ ಶಾಖದ ಶೇ 90ಕ್ಕೂ ಹೆಚ್ಚು ಹೋಗುತ್ತಿರುವುದು ಸಮುದ್ರದೊಳಕ್ಕೆ. ನಾಲ್ಕನೆಯದು, ಕಂಡ ಏರಿಳಿತವೆಲ್ಲ ಗದ್ದಲವಲ್ಲ. ಜೂನ್ 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಸಿಡಿದಾಗ ಜಗತ್ತು ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಅದು ಹೊರಗಿನ ತಳ್ಳುವಿಕೆ, ಗದ್ದಲವೆಂದು ಎಣಿಸಿದರೆ ಲೆಕ್ಕ ಕೆಡುತ್ತದೆ.

ಪೀಟರ್ ಕಾಕ್ಸ್ ಮತ್ತು ಸಂಗಡಿಗರು 2018ರಲ್ಲಿ ಇದೇ ವಿಚಾರವನ್ನು ಜಾಣತನದಿಂದ ತಿರುಗಿಸಿದರು. ಏರಿಳಿತದಿಂದ ನೇರವಾಗಿ ಉತ್ತರ ತೆಗೆಯಲಿಲ್ಲ. 55 ವರ್ಷದ ಕಿಟಕಿಯಲ್ಲಿ ಇಳಿಜಾರು ತೆಗೆದು, ಏರಿಳಿತದ ಗಾತ್ರವನ್ನೂ ನೆನಪನ್ನೂ ಸೇರಿಸಿ ಒಂದು ಅಳತೆ ಮಾಡಿದರು. ಹಲವು ಕಂಪ್ಯೂಟರ್ ಮಾದರಿಗಳಲ್ಲಿ ಆ ಅಳತೆಗೂ ಬಿಸಿಯೇರುವ ಪ್ರಮಾಣಕ್ಕೂ ನಂಟಿದೆಯೆಂದು ತೋರಿಸಿ, ನಿಜ ಭೂಮಿಯ ಅಳತೆಯನ್ನು ಆ ಗೆರೆಯ ಮೇಲಿಟ್ಟರು. ಬಂದದ್ದು 2.8 ಡಿಗ್ರಿ, ಮೂರರಲ್ಲಿ ಎರಡು ಪಾಲು ಸಂಭವದಲ್ಲಿ 2.2ರಿಂದ 3.4. ಇಲ್ಲೂ ಹೊರಗಿನ ತಳ್ಳುವಿಕೆಯ ಕಲಬೆರಕೆ ಪೂರ್ತಿ ಹೋಗಿಲ್ಲವೆಂಬ ಆಕ್ಷೇಪಗಳು ಬಂದವು, ಅವು ಗಟ್ಟಿಯಾದ ಆಕ್ಷೇಪಗಳೇ. ಈ ಪ್ರಮೇಯವನ್ನು ಒಂಟಿ ಸಾಕ್ಷಿಯಾಗಿ ನಿಲ್ಲಿಸಬಾರದು, ಹಲವು ಸಾಕ್ಷಿಗಳಲ್ಲಿ ಒಂದಾಗಿ ಕರೆಯಬೇಕು.

ಹ್ಯಾಸೆಲ್‌ಮನ್ ಅವರ ಎರಡನೇ ಕೊಡುಗೆಯನ್ನು ಮೊದಲನೆಯದಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸಬೇಕು. ಅದು ಬೆರಳಚ್ಚು ಹುಡುಕುವ ವಿಧಾನ. ಬೇರೆ ಬೇರೆ ಕಾರಣಗಳು ಭೂಮಿಯ ಮೇಲೆ ಬೇರೆ ಬೇರೆ ನಕ್ಷೆ ಬಿಡುತ್ತವೆ. ಸೂರ್ಯ ಪ್ರಖರವಾದರೆ ಕೆಳಗಿನ ಗಾಳಿಯೂ ಮೇಲಿನ ಸ್ತರಗೋಲವೂ ಎರಡೂ ಬಿಸಿಯಾಗಬೇಕು. ಇಂಗಾಲ ಹೆಚ್ಚಿದರೆ ಕೆಳಗೆ ಬಿಸಿ, ಮೇಲೆ ತಂಪು. 1967ರಲ್ಲೇ ಮನಾಬೆ ಮತ್ತು ವೆದರಾಲ್ಡ್ ಲೆಕ್ಕ ಹಾಕಿದ್ದರು. ಅಳತೆಗಳು ತೋರಿಸುತ್ತಿರುವುದು ಎರಡನೆಯದನ್ನು.

ಸಾಮಾನ್ಯ ಬುದ್ಧಿ ‘ಸಂಕೇತ ಎಲ್ಲಿ ದೊಡ್ಡದೋ ಅಲ್ಲಿ ನೋಡು’ ಎನ್ನುತ್ತದೆ. ಆರ್ಕ್ಟಿಕ್ ಎಲ್ಲಕ್ಕಿಂತ ವೇಗವಾಗಿ ಬಿಸಿಯಾಗುತ್ತಿದೆ, ನಿಜ. ಆದರೆ ಅಲ್ಲಿ ತಾನಾಗಿ ಆಗುವ ಏರಿಳಿತವೂ ವಿಪರೀತ. ಹ್ಯಾಸೆಲ್‌ಮನ್ ಹೇಳಿದ್ದು: ಸಂಕೇತವನ್ನು ಗದ್ದಲದ ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ (ಯಾವ ಜಾಗ ಎಷ್ಟು ಅಲುಗುತ್ತದೆ, ಯಾವುದರ ಜೊತೆ ಅಲುಗುತ್ತದೆ ಎಂಬ ಪಟ್ಟಿಯ) ವಿಲೋಮದಿಂದ ಗುಣಿಸು, ಆಗ ಸಂಕೇತ ಚಿಕ್ಕದಾದರೂ ಗದ್ದಲ ಇನ್ನೂ ಚಿಕ್ಕದಿರುವ ಜಾಗಗಳಿಗೆ ತೂಕ ಬರುತ್ತದೆ. ಗದ್ದಲದ ಅಂದಾಜು ಬರುವುದು ಹೊರಗಿನ ತಳ್ಳುವಿಕೆಯಿಲ್ಲದೆ ನೂರಾರು ವರ್ಷ ಓಡಿಸಿದ ಕಂಪ್ಯೂಟರ್ ಮಾದರಿಗಳಿಂದ. ಇಲ್ಲೇ ಒಂದು ಗುಂಡಿಯಿದೆ. ಐದು ಡಿಗ್ರಿ ಜಾಲದಲ್ಲಿ 2592 ಚೌಕಗಳು. ಸಾವಿರ ವರ್ಷದ ಓಟವನ್ನು ಐವತ್ತರ ತುಂಡು ಮಾಡಿದರೆ ಇಪ್ಪತ್ತೇ ತುಂಡುಗಳು. ಅಷ್ಟರಿಂದ ಕಟ್ಟಿದ ಮ್ಯಾಟ್ರಿಕ್ಸ್‌ಗೆ ವಿಲೋಮವೇ ಇರುವುದಿಲ್ಲ, ಕಂಪ್ಯೂಟರ್ ಏನಾದರೂ ಕೊಟ್ಟರೂ ಅದು ಅಸಂಬದ್ಧ. ಮೊದಲು ಏರಿಳಿತದ ಬಹುಪಾಲನ್ನು ಹಿಡಿಯುವ ಹತ್ತು ಹದಿನೈದು ಪ್ರಧಾನ ನಕ್ಷೆಗಳಿಗೆ ಇಳಿಸಿಕೊಳ್ಳಿ. ತೂಕ ಕಟ್ಟಲು ಬಳಸಿದ ಗದ್ದಲವನ್ನೇ ಅನಿಶ್ಚಿತತೆ ಅಳೆಯಲೂ ಬಳಸಬೇಡಿ, ಬೇರೆ ತುಂಡುಗಳನ್ನು ಎತ್ತಿಡಿ. ಇಲ್ಲದಿದ್ದರೆ ಉತ್ತರ ಇರುವುದಕ್ಕಿಂತ ಖಚಿತವಾಗಿ ಕಾಣುತ್ತದೆ. ಕೊನೆಗೆ ಪ್ರತಿ ಕಾರಣಕ್ಕೂ ಒಂದು ಗುಣಕ ಬರುತ್ತದೆ. ಅದರ ವ್ಯಾಪ್ತಿ ಸೊನ್ನೆಯನ್ನು ಮುಟ್ಟದಿದ್ದರೆ ಬೆರಳಚ್ಚು ಸಿಕ್ಕಿತು. ಒಂದನ್ನು ಒಳಗೊಂಡಿದ್ದರೆ ಮಾದರಿ ಹೇಳಿದ ಗಾತ್ರವೂ ಸರಿ. ಉಳಿಕೆಯನ್ನು ಗದ್ದಲದೊಂದಿಗೆ ಹೋಲಿಸಿ ನೋಡುವುದನ್ನು ಮರೆಯಬೇಡಿ. ಉಳಿಕೆ ಗದ್ದಲಕ್ಕಿಂತ ದೊಡ್ಡದಿದ್ದರೆ ಪಟ್ಟಿಯಲ್ಲಿ ಇಲ್ಲದ ಕಾರಣವೊಂದು ಹೊರಗುಳಿದಿದೆ, ಇಲ್ಲವೇ ಗದ್ದಲದ ಅಂದಾಜೇ ಕಡಿಮೆ. 1995ರಲ್ಲಿ ಐಪಿಸಿಸಿ ಮನುಷ್ಯರ ಪ್ರಭಾವ ‘ಗುರುತಿಸಬಹುದಾದದ್ದು’ ಎಂದಿತ್ತು, 2021ಕ್ಕೆ ‘ಸಂಶಯಾತೀತ’ ಎಂದಿತು. 2010–2019ರ ಹೊತ್ತಿಗೆ ಮನುಷ್ಯರಿಂದಾದ ಬಿಸಿಯೇರಿಕೆ 1.07 ಡಿಗ್ರಿ ಎಂಬ ಅಂದಾಜಿನ ಹಿಂದೆ ಇದೇ ಕುಲದ ಲೆಕ್ಕಗಳಿವೆ.

ವಿಪರೀತಗಳ ಬಗ್ಗೆ ಚಿಕ್ಕದಾಗಿ. ಸರಾಸರಿ ಸ್ವಲ್ಪ ಸರಿದರೂ ಬಾಲದಲ್ಲಿ ದೊಡ್ಡ ಬದಲಾವಣೆಯಾಗುತ್ತದೆ. ಗಂಟೆಯಾಕಾರದ ಹಂಚಿಕೆಯಲ್ಲಿ ಮೂರು ಮಾನಕ ವಿಚಲನೆಯಾಚೆಯ ಬಿಸಿ 740ಕ್ಕೊಮ್ಮೆ ಬರುವಂಥದ್ದು. ಸರಾಸರಿ ಒಂದು ವಿಚಲನೆಯಷ್ಟು ಮೇಲೇರಿದರೆ ಅದೇ ಬಿಸಿ 44ಕ್ಕೊಮ್ಮೆ. ಹದಿನೇಳು ಪಟ್ಟು. ಮಳೆಯ ಬಾಲ ಗಂಟೆಯಾಕಾರಕ್ಕಿಂತ ದಪ್ಪ, ಅಲ್ಲಿ ಈ ಅಂಕಿ ಹಾಕದೆ ವಿಪರೀತ ಮೌಲ್ಯಗಳಿಗೆಂದೇ ಇರುವ ಹಂಚಿಕೆಗಳನ್ನು ಬಳಸಬೇಕು. ಸಾವಿರ ವರ್ಷಕ್ಕೊಮ್ಮೆಯ ಬಿಸಿಗಾಳಿಯನ್ನು ಮಾದರಿಯಲ್ಲಿ ಕಾಣಲು ಹತ್ತಾರು ಸಾವಿರ ವರ್ಷ ಓಡಿಸಬೇಕಲ್ಲ? ಫ್ರಾನ್ಚೆಸ್ಕೊ ರಗೋನೆ, ಯೆರೂನ್ ವೌಟರ್ಸ್, ಫ್ರೆಡಿ ಬೂಶೆ 2018ರಲ್ಲಿ ಸ್ಟಾಟಿಸ್ಟಿಕಲ್ ಫಿಸಿಕ್ಸ್‌ನ ಒಂದು ಉಪಾಯ ತಂದರು: ನೂರಾರು ಓಟಗಳನ್ನು ಒಟ್ಟಿಗೆ ಬಿಟ್ಟು, ಬಿಸಿಯತ್ತ ಹೋಗುತ್ತಿರುವುದರ ಪ್ರತಿ ಮಾಡುತ್ತ, ಉಳಿದವನ್ನು ಕೈಬಿಡುತ್ತ, ಮಾಡಿದ ಪಕ್ಷಪಾತವನ್ನು ಕೊನೆಗೆ ತೂಕದಲ್ಲಿ ಸರಿಪಡಿಸುವುದು. ನೂರಾರು ಪಟ್ಟು ಕಡಿಮೆ ಖರ್ಚಿನಲ್ಲಿ ಅಪರೂಪದ ಘಟನೆಗಳು ಕೈಗೆ ಸಿಗುತ್ತವೆ.

ನಿಮ್ಮೂರಿನ ಮಳೆಯ ಮೇಲೆ ಇದನ್ನೆಲ್ಲ ಪ್ರಯೋಗಿಸುವ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಿ. ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ವರ್ಷದ ಮಳೆಯ ಏರಿಳಿತ ಸರಾಸರಿಯ ಶೇ 25 ಎಂದಿಟ್ಟುಕೊಳ್ಳಿ. ಎರಡು ಮೂವತ್ತು ವರ್ಷಗಳ ಸರಾಸರಿಗಳನ್ನು ಹೋಲಿಸಿದರೆ ವ್ಯತ್ಯಾಸದ ಅನಿಶ್ಚಿತತೆ ಶೇ 6.5. ಅಂದರೆ ಮಳೆ ಶೇ 13ರಷ್ಟು ಬದಲಾಗಿದ್ದರೆ ಮಾತ್ರ ಗದ್ದಲದಿಂದ ಮೇಲೆ ಕಾಣುತ್ತದೆ. ಅಖಿಲ ಭಾರತ ಮುಂಗಾರಿಗೆ, ಸರಾಸರಿ 87 ಸೆಂಟಿಮೀಟರ್ ಸುತ್ತ ಶೇ 10ರ ಏರಿಳಿತಕ್ಕೆ, ಇದೇ ಮಿತಿ ಶೇ 5ಕ್ಕೆ ಇಳಿಯುತ್ತದೆ. ಜಾಗ ಹಿಗ್ಗಿದಷ್ಟೂ ಗದ್ದಲ ಕುಗ್ಗುತ್ತದೆ. ತಾಲ್ಲೂಕಿನ ಒಂದು ಮಳೆಮಾಪಕದ ಪಟ್ಟಿಯಿಂದ ವಾಯುಗುಣ ಬದಲಾಗಿದೆಯೆಂದೋ ಇಲ್ಲವೆಂದೋ ಸಾಧಿಸಲು ಹೊರಟವರು ಎರಡೂ ಕಡೆ ಸೋಲುವುದು ಇದಕ್ಕೇ. ಬದಲಿಗೆ ತಾಪಮಾನ, ಅಥವಾ ವಿಶಾಲ ಪ್ರದೇಶದ ಭಾರಿ ಮಳೆಯ ದಿನಗಳ ಎಣಿಕೆ ಹಿಡಿಯಿರಿ. ಒಂದು ಡಿಗ್ರಿ ಬಿಸಿಗೆ ಗಾಳಿ ಹಿಡಿಯಬಲ್ಲ ಆವಿ ಶೇ 7 ಹೆಚ್ಚುವುದರಿಂದ ಸಂಕೇತ ಅಲ್ಲಿ ಬೇಗ ಕಾಣುತ್ತದೆ.

ಕೊನೆಯದಾಗಿ, ದಿಢೀರನೆ ಮಗುಚುವ ವ್ಯವಸ್ಥೆಗಳು. ಬೋಗುಣಿಯಲ್ಲಿ ಗೋಲಿಯೊಂದಿದೆ ಎಂದುಕೊಳ್ಳಿ. ಬೋಗುಣಿ ಚಪ್ಪಟೆಯಾಗುತ್ತ ಬಂದಂತೆ, ಅದೇ ಅಲುಗಾಟಕ್ಕೆ ಗೋಲಿ ಹೆಚ್ಚು ದೂರ ಹೋಗುತ್ತದೆ, ಮರಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸರಣಿಯಲ್ಲಿ ಇದು ಏರಿಳಿತವೂ ನೆನಪೂ ಒಟ್ಟಿಗೆ ಬೆಳೆಯುವುದಾಗಿ ಕಾಣಬೇಕು. ಒಟ್ಟಿಗೆ ಎಂಬುದನ್ನು ಒತ್ತಿ ಹೇಳಬೇಕು: ಏರಿಳಿತ ಮಾತ್ರ ಹೆಚ್ಚಿದ್ದರೆ ಬೋಗುಣಿ ಹಾಗೇ ಇದ್ದು ಗದ್ದಲವೇ ಹೆಚ್ಚಿರಬಹುದು. ಅಟ್ಲಾಂಟಿಕ್‌ನ ಸಾಗರ ಪರಿಚಲನೆ ಹೀಗೆ ಮಗುಚಬಲ್ಲದು ಎಂದು ಹೆನ್ರಿ ಸ್ಟಾಮೆಲ್ 1961ರಲ್ಲೇ ಎರಡು ಪೆಟ್ಟಿಗೆಗಳ ಮಾದರಿಯಲ್ಲಿ ತೋರಿಸಿದ್ದರು. 2023ರಲ್ಲಿ ಪೀಟರ್ ಮತ್ತು ಸುಸಾನ್ನೆ ಡಿಟ್ಲೆವ್ಸೆನ್ ಇಂಥ ಸಂಕೇತಗಳಿಂದ ಈ ಶತಮಾನದ ನಡುವಿನ ಹೊತ್ತಿಗೆ ಅದು ಕುಸಿಯಬಹುದೆಂದು ಅಂದಾಜಿಸಿದರು. ಅಪಾಯ ನಿಜ, ದಿನಾಂಕದ ಮೇಲೆ ಮಾತ್ರ ಭರವಸೆ ಇಡಲಾಗದು. 150 ವರ್ಷದ ಸಮುದ್ರ ತಾಪಮಾನದಲ್ಲಿ ಅಳತೆಯ ಸಾಧನ, ಹಡಗುಗಳ ಸಂಖ್ಯೆ ಎಲ್ಲ ಬದಲಾಗುತ್ತ ಬಂದಿದೆ. ಅದೊಂದೇ ಏರಿಳಿತ ಮತ್ತು ನೆನಪಿನ ಅಳತೆಯನ್ನು ಕೆಡಿಸಬಲ್ಲದು.

ಇದೇ ಗಣಿತ ಮುಂಗಾರಿನಲ್ಲಿ ಹೆಚ್ಚು ಹಿಡಿತಕ್ಕೆ ಸಿಕ್ಕಿದೆ. ಮುಂಗಾರಿನ ಆಗಮನವೂ ಒಂದು ಬಗೆಯ ದಿಢೀರ್ ಜಿಗಿತವೇ. ವೆರೊನಿಕಾ ಸ್ಟೋಲ್ಬೊವಾ, ಎಲೆನಾ ಸುರೊವ್ಯಾತ್ಕಿನಾ ಮತ್ತು ಸಂಗಡಿಗರು 2016ರಲ್ಲಿ ಪೂರ್ವ ಘಟ್ಟ ಹಾಗೂ ಉತ್ತರ ಪಾಕಿಸ್ತಾನದ ತಾಪಮಾನ, ತೇವಾಂಶಗಳನ್ನು ಮಾತ್ರ ನೋಡಿ, ನಡುಭಾರತದ ಒಂದು ಪ್ರದೇಶಕ್ಕೆ ಸುಮಾರು 40 ದಿನ ಮೊದಲೇ ಆಗಮನ ಹೇಳುವ ದಾರಿ ತೋರಿಸಿದರು. ಹವೆಯ ಎರಡು ವಾರದ ಗೋಡೆಯನ್ನು ಇದು ಒಡೆದಿಲ್ಲ. ಮಳೆ ಬೀಳುವ ದಿನ ಹೇಳುತ್ತಿಲ್ಲ, ಬೋಗುಣಿ ಯಾವಾಗ ಚಪ್ಪಟೆಯಾಗುತ್ತದೆ ಎಂದಷ್ಟೇ ಹೇಳುತ್ತಿದೆ.

ಶುರು ಮಾಡುವುದು ಎಲ್ಲಿಂದ? ನಿಜ ದತ್ತಾಂಶ ಮುಟ್ಟುವ ಮುಂಚೆ ಪೈಥಾನ್‌ನಲ್ಲಿ ಕೃತಕ ಸರಣಿ ಮಾಡಿ: ಹಿಂದಿನ ಅಂಕಿಯ 0.6ರಷ್ಟಕ್ಕೆ 0.08 ಡಿಗ್ರಿ ವಿಚಲನೆಯ ಯಾದೃಚ್ಛಿಕ ಸಂಖ್ಯೆ ಕೂಡಿಸುತ್ತ ಹೋದರೆ ಒಟ್ಟು ಏರಿಳಿತ 0.1 ಡಿಗ್ರಿ ನಿಲ್ಲುತ್ತದೆ. ಮೊದಲ ನೂರು ಅಂಕಿ ಎಸೆದು ಮುಂದಿನ ಐವತ್ತನ್ನು ಇಟ್ಟುಕೊಳ್ಳಿ. ಹೀಗೆ ಸಾವಿರ ಸರಣಿ. ಪ್ರತಿಯೊಂದರಲ್ಲೂ ನೆನಪಿನ ಗುಣಾಂಕ ಅಂದಾಜಿಸಿ, 0.6ಕ್ಕಿಂತ ಎಷ್ಟು ಕೆಳಗೆ ಬೀಳುತ್ತದೆ ನೋಡಿ. ಇಳಿಜಾರು ತೆಗೆದು ಮತ್ತೊಮ್ಮೆ ನೋಡಿ. ಆಮೇಲೆ ಪ್ರತಿಯೊಂದಕ್ಕೂ ನೇರಗೆರೆ ಹಾಕಿ, ಐವತ್ತು ವರ್ಷದ ಏರಿಕೆಗಳ ಹಂಚಿಕೆ ಬರೆಯಿರಿ. ನಾಸಾದ ಜಾಗತಿಕ ತಾಪಮಾನ ಸರಣಿ 1880ರಿಂದ ಸಿಗುತ್ತದೆ. ಅದರ ಕೊನೆಯ ಐವತ್ತು ವರ್ಷದ ಏರಿಕೆಯನ್ನು ಅದೇ ಹಾಳೆಯಲ್ಲಿ ಗುರುತಿಸಿ, ನಿಮ್ಮ ಸಾವಿರ ಸರಣಿಗಳಲ್ಲಿ ಎಷ್ಟು ಅಲ್ಲಿಗೆ ಮುಟ್ಟುತ್ತವೆ ಎಂದು ಎಣಿಸಿ.